ಕರಾವಳಿಯ ಸೆಕೆಯಲ್ಲಿ ಉಪ್ಪುನೀರಿನ ರೀಫ್ ಟ್ಯಾಂಕ್ ಇಡುವುದು ಹೇಗೆ

ಉಪ್ಪುನೀರಿನಲ್ಲಿ ಹವಳ, ಸಮುದ್ರದ ಮೀನು ಒಟ್ಟಿಗೆ ಸಾಕುವ ಗಾಜಿನ ತೊಟ್ಟಿಗೆ ರೀಫ್ ಟ್ಯಾಂಕ್ ಅನ್ನುತ್ತಾರೆ. ಅದರ ಬಗ್ಗೆ ಯೂಟ್ಯೂಬ್‌ನಲ್ಲಿ ಹುಡುಕಿದರೆ ಸಿಗುವುದು ಹೆಚ್ಚಾಗಿ ಚಳಿ ದೇಶದವರ ವಿಡಿಯೋ. ಅವರ ಸಾಮಾನು ಪಟ್ಟಿಯಲ್ಲಿ ಹೀಟರ್ ಇದ್ದೇ ಇರುತ್ತದೆ. ಮಂಗಳೂರಿನಲ್ಲಿ ಹೀಟರ್ ತಗೊಂಡು ಎಂತ ಮಾಡುವುದು ಮಾರಾಯ್ರೆ? ನಮಗೆ ಕಾಟ ಕೊಡುವುದು ಸೆಕೆ, ಗಾಳಿಯಲ್ಲಿರುವ ತೇವ, ಮಳೆಗಾಲದಲ್ಲಿ ಹೇಳದೆ ಕೇಳದೆ ಹೋಗುವ ಕರೆಂಟ್. ಮೊದಲು ಈ ಮೂರಕ್ಕೆ ದುಡ್ಡು ಎತ್ತಿಡಿ. ಉಳಿದದ್ದರಲ್ಲಿ ಲೈಟು, ಮೀನು, ಹವಳ ನೋಡಿಕೊಳ್ಳಿ. ಇದನ್ನು ಉಲ್ಟಾ ಮಾಡಿದರೆ ಟ್ಯಾಂಕ್ ಮೇ ತಿಂಗಳು ದಾಟುವುದು ಕಷ್ಟ.

ಇಲ್ಲಿ ಹೇಳುವುದೆಲ್ಲ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಲೆಕ್ಕದಲ್ಲಿ. ಇದಕ್ಕೆ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಮೊದಲ ಸಲ ಅಂತ ಒಂದಡಿಯ ಪುಟ್ಟ ಟ್ಯಾಂಕ್ ತಗೊಳ್ಳುವ ಆಸೆ ಆಗುತ್ತದೆ, ಬೇಡ. ನೀರು ಕಡಿಮೆ ಇದ್ದಷ್ಟು ಬಿಸಿ ಬೇಗ ಏರುತ್ತದೆ, ಉಪ್ಪು ಬೇಗ ಏರುಪೇರಾಗುತ್ತದೆ, ಒಂದು ಮೀನು ಸತ್ತರೂ ಇಡೀ ನೀರು ಕೆಡುತ್ತದೆ. ಖರ್ಚಿನ ಬಗ್ಗೆಯೂ ಮೊದಲೇ ಹೇಳಿಬಿಡುತ್ತೇನೆ: ನೀರು ತಂಪು ಮಾಡುವ ಮಷಿನ್, ಅಂದರೆ ಚಿಲ್ಲರ್, ಸೇರಿಸಿ ಒಂದು ಲಕ್ಷದ ಆಚೀಚೆ ತೆಗೆದಿಡಲು ಆಗುವುದಿಲ್ಲ ಅಂದರೆ ಈಗಲೇ ಶುರು ಮಾಡಬೇಡಿ. ಅರ್ಧ ಸಾಮಾನಿನಲ್ಲಿ ನಡೆಯುವ ಕೆಲಸ ಇದಲ್ಲ.

ಸಮುದ್ರದಿಂದ ಏನೂ ತರಬೇಡಿ

ಪಣಂಬೂರು, ಮಲ್ಪೆ, ಉಳ್ಳಾಲದಲ್ಲಿ ಅಷ್ಟು ದೊಡ್ಡ ಸಮುದ್ರ ಉಂಟು, ಒಂದು ಕ್ಯಾನ್ ನೀರು ತಂದರೆ ಆಯ್ತಲ್ಲ, ಸುಮ್ನೆ ಯಾಕೆ ಉಪ್ಪು ಕೊಳ್ಳುವುದು? ಶುರು ಮಾಡುವವರೆಲ್ಲ ಕೇಳುವ ಪ್ರಶ್ನೆ ಇದು. ದಡದ ನೀರಿನಲ್ಲಿ ಬೋಟಿನ ಡೀಸೆಲ್ ಇರುತ್ತದೆ, ಚರಂಡಿ ನೀರು ಸೇರಿರುತ್ತದೆ, ಮಣ್ಣು ಕದಡಿರುತ್ತದೆ. ದಕ್ಕೆಯ ಹತ್ತಿರದ ನೀರಂತೂ ಕೇಳುವುದೇ ಬೇಡ. ಅದೂ ಸಾಲದು ಅಂತ, ಬೆಂಗ್ರೆಯ ಹತ್ತಿರ ನೇತ್ರಾವತಿ, ಗುರುಪುರ ಎರಡೂ ಸಮುದ್ರ ಸೇರುತ್ತವೆ. ಮಳೆಗಾಲದಲ್ಲಿ ಆ ಹೊಳೆಗಳು ಕೆಂಪಗೆ ತುಂಬಿ ಹರಿಯುವಾಗ ದಡದ ನೀರಿನಲ್ಲಿ ಉಪ್ಪು ತೀರಾ ಇಳಿದುಬಿಡುತ್ತದೆ. ಇವತ್ತು ತಂದ ನೀರಿನ ಹಾಗೆ ಮುಂದಿನ ತಿಂಗಳ ನೀರು ಇರುವುದಿಲ್ಲ. ಹವಳಕ್ಕೆ ಬೇಕಾದದ್ದು ಒಂದೇ ಹದ, ವರ್ಷವಿಡೀ.

ಕಲ್ಲು, ಚಿಪ್ಪು, ಹೊಯ್ಗೆಯೂ ಬೇಡ. ಸೇಂಟ್ ಮೇರಿಸ್ ದ್ವೀಪದ ಕಂಬದ ಹಾಗಿರುವ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅಲ್ಲಿಂದ ಒಂದು ಚೂರನ್ನೂ ಎತ್ತಬಾರದು. ಮುರುಡೇಶ್ವರದ ಎದುರಿಗಿರುವ ನೇತ್ರಾಣಿಯಲ್ಲಿ ಹವಳ ಇದೆ. ಡೈವಿಂಗ್ ಹೋಗಿ ಕಣ್ಣು ತುಂಬ ನೋಡಿ, ಬರಿಗೈಯಲ್ಲಿ ಬನ್ನಿ.

ಕಾನೂನು ಇನ್ನೂ ಗಟ್ಟಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿ ಹುಲಿ ಇರುವ ಹಾಗೆಯೇ ರೀಫ್ ಕಟ್ಟುವ ಗಟ್ಟಿ ಹವಳಗಳೂ ಇವೆ. ಕಪ್ಪು ಹವಳ, ಬೆಂಕಿ ಹವಳ, ಸೀ ಫ್ಯಾನ್ ಎಲ್ಲ ಅದರಲ್ಲೇ ಬರುತ್ತವೆ. ಸಮುದ್ರ ಕುದುರೆ, ಸಮುದ್ರ ಸೌತೆಗೂ ಇದೇ ಕಾಯ್ದೆಯ ರಕ್ಷಣೆ ಇದೆ. ಸತ್ತ ಹವಳದ ತುಂಡು ಶೋಕೇಸಿಗೆ ಅಂತ ಮಾರಿದರೂ ಅಪರಾಧ. ಅಂಗಡಿಯವರು "ಇದು ಇಂಪೋರ್ಟೆಡ್, ಏನೂ ಆಗಲ್ಲ" ಅನ್ನುತ್ತಾರೆ. ಕಾಗದ ತೋರಿಸಿ ಅಂದರೆ ಮಾತು ಬದಲಾಯಿಸುತ್ತಾರೆ. ಹಾಗಾಗಿ ನನ್ನ ಸಲಹೆ ಸರಳ: ಗಟ್ಟಿ ಹವಳದ ತಂಟೆಗೇ ಹೋಗಬೇಡಿ. ಮಶ್ರೂಮ್, ಜೋಆಂತಿಡ್, ಲೆದರ್, ಕ್ಸೀನಿಯಾ ಇಂಥ ಮೆತ್ತಗಿನವು ಸಾಕು, ಅವೂ ಇನ್ನೊಬ್ಬರ ಟ್ಯಾಂಕಿನಲ್ಲಿ ಬೆಳೆದು ತುಂಡು ಮಾಡಿದವು ಸಿಕ್ಕಿದರೆ ಇನ್ನೂ ಒಳ್ಳೆಯದು. ನೋಡಲು ಚೆಂದ, ಸಾಕಲು ಸುಲಭ. ನಮ್ಮ ಹವೆಗೂ ಅವೇ ಹೆಚ್ಚು ತಾಳುತ್ತವೆ.

ಜಾಗ, ಭಾರ, ಸ್ಟ್ಯಾಂಡು

ನೀರು, ಗಾಜು, ಕಲ್ಲು, ಹೊಯ್ಗೆ, ಕೆಳಗಿನ ಕ್ಯಾಬಿನೆಟ್ ಎಲ್ಲ ಸೇರಿದರೆ 300 ಕೆಜಿಯ ಹತ್ತಿರ ಹೋಗುತ್ತದೆ. ಹಳೇ ಹಂಚಿನ ಮನೆಯ ಮರದ ಮಾಳಿಗೆ ಮೇಲೆ ಇದನ್ನು ಇಡುವ ಯೋಚನೆ ಬೇಡವೇ ಬೇಡ. ನೆಲಮಹಡಿ ಅಥವಾ ಕಾಂಕ್ರೀಟ್ ಸ್ಲ್ಯಾಬ್ ಇರುವ ಕಡೆ, ಗೋಡೆಗೆ ತಾಗಿದಂತೆ ಇಡಿ. ಬಿಸಿಲು ನೇರ ಬೀಳಬಾರದು. ಜಗಲಿಯಲ್ಲಿ ಬಂದವರಿಗೆಲ್ಲ ಕಾಣುತ್ತದೆ ಅನ್ನುವುದು ನಿಜ, ಆದರೆ ಪಶ್ಚಿಮದ ಬಿಸಿಲು ಮಧ್ಯಾಹ್ನದಿಂದ ಸಂಜೆಯವರೆಗೆ ಅಲ್ಲೇ ಬೀಳುತ್ತದೆ. ಮನೆಯಲ್ಲಿ ಅತಿ ತಂಪಿರುವ ಕೋಣೆ ಯಾವುದು ಅಂತ ಏಪ್ರಿಲ್ ಮಧ್ಯಾಹ್ನ ಒಮ್ಮೆ ಓಡಾಡಿ ನೋಡಿದರೆ ತಾನಾಗಿ ಗೊತ್ತಾಗುತ್ತದೆ.

ಸ್ಟ್ಯಾಂಡಿಗೆ ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಬೇಡ, ನಮ್ಮ ತೇವಕ್ಕೆ ಉಬ್ಬಿ ಹೋಗುತ್ತದೆ. ಮರೈನ್ ಪ್ಲೈವುಡ್, ಇಲ್ಲವೇ ಪೌಡರ್ ಕೋಟಿಂಗ್ ಮಾಡಿಸಿದ ಕಬ್ಬಿಣದ ಫ್ರೇಮು. ಬರೀ ಪೇಂಟ್ ಹೊಡೆದ ಕಬ್ಬಿಣ ಉಪ್ಪಿನ ಹನಿಗೆ ಬೇಗ ತುಕ್ಕು ಹಿಡಿಯುತ್ತದೆ.

ಟ್ಯಾಂಕಿನ ಕೆಳಗೆ ಇನ್ನೊಂದು ಚಿಕ್ಕ ಟ್ಯಾಂಕ್ ಬೇಕು, ಅದನ್ನು ಸಂಪ್ ಅನ್ನುತ್ತಾರೆ. ಮೇಲಿನ ನೀರು ಪೈಪಿನಲ್ಲಿ ಇಳಿದು ಸಂಪಿಗೆ ಬರುತ್ತದೆ. ಅಲ್ಲಿ ಪ್ರೋಟೀನ್ ಸ್ಕಿಮ್ಮರ್ ಅದರ ಕೊಳೆಯನ್ನು ನೊರೆಯಾಗಿಸಿ ತೆಗೆಯುತ್ತದೆ, ಆಮೇಲೆ ರಿಟರ್ನ್ ಪಂಪ್ ಅದನ್ನು ಮೇಲಕ್ಕೆ ಹತ್ತಿಸುತ್ತದೆ. ಗಂಟೆಗೆ ಟ್ಯಾಂಕಿನ ನೀರು ಸುಮಾರು 5 ಸಲ ಹೀಗೆ ಸುತ್ತಿದರೆ ಸಾಕು. ಒಳಗಿನ ಅಲೆಗೆ ಬೇರೆ ವೇವ್‌ಮೇಕರ್ ಹಾಕಿ. ಉಪ್ಪು ಹಾಕುವ ಮೊದಲು ಬರೀ ನಲ್ಲಿ ನೀರು ತುಂಬಿಸಿ ಎರಡು ದಿನ ಓಡಿಸಿ, ಮಧ್ಯೆ ಮಧ್ಯೆ ಬೇಕಂತಲೇ ಸ್ವಿಚ್ ಆಫ್ ಮಾಡಿ ನೋಡಿ. ಪಂಪ್ ನಿಂತಾಗ ಮೇಲಿನ ನೀರು ಕೆಳಗಿಳಿದು ಸಂಪ್ ತುಂಬಿ ಹರಿಯಬಾರದು. ಹರಿದರೆ ಸಂಪಿನ ನೀರಿನ ಮಟ್ಟ ಇಳಿಸಿ, ರಿಟರ್ನ್ ಪೈಪಿಗೆ ನೀರಿನ ಮೇಲ್ಮೈಯ ಹತ್ತಿರ ಒಂದು ಸಣ್ಣ ತೂತು ಕೊರೆಯಿರಿ. ನೀರು ಆ ತೂತಿನ ಮಟ್ಟಕ್ಕೆ ಇಳಿದ ಕೂಡಲೇ ಗಾಳಿ ಒಳಗೆ ಹೋಗಿ ನೀರು ಹಿಂದಕ್ಕೆ ಎಳೆಯುವುದು ನಿಲ್ಲುತ್ತದೆ. ಆ ತೂತಿಗೆ ಪಾಚಿ ಕಟ್ಟದ ಹಾಗೆ ಆಗಾಗ ಕಡ್ಡಿ ಚುಚ್ಚಿ ನೋಡಬೇಕು.

ಕರೆಂಟಿನ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್, ಸರಿಯಾದ ಅರ್ತಿಂಗ್ ಎರಡೂ ಬೇಕು. ಸಾಕೆಟ್ ಟ್ಯಾಂಕಿನ ಪಕ್ಕದಲ್ಲಿರಲಿ, ಕೆಳಗೆ ಬೇಡ. ಪ್ರತಿ ವಯರನ್ನೂ ಸಾಕೆಟ್‌ಗಿಂತ ಕೆಳಗೆ ಒಂದು ಜೋಲು ಬಿಟ್ಟು ಮೇಲಕ್ಕೆ ತನ್ನಿ, ಹನಿ ನೀರು ವಯರ್ ಹಿಡಿದು ಬಂದರೂ ಅಲ್ಲೇ ಕೆಳಗೆ ಬೀಳುತ್ತದೆ. ಉಪ್ಪುನೀರಿನಲ್ಲಿ ಕೈ ಇಡುವ ಕೆಲಸ ಇದು, ತಮಾಷೆ ಅಲ್ಲ.

ನೀರು ಮಾಡುವುದು

ಕುಡಿಯುವ ನೀರಿನ ಆರ್‌ಒ ಮಷಿನ್ ಸಾಲದು. ಅದು ರುಚಿಗೆ ಅಂತ ಸ್ವಲ್ಪ ಖನಿಜ ಬಿಟ್ಟೇ ಬಿಡುತ್ತದೆ. ನಮಗೆ ಬೇಕಾದದ್ದು ಆರ್‌ಒ ಆದಮೇಲೆ ಡಿಐ ರೆಸಿನ್ (ಉಳಿದ ಖನಿಜವನ್ನೂ ಹಿಡಿದಿಡುವ ಸಣ್ಣ ಮಣಿಗಳು) ದಾಟಿ, ಟಿಡಿಎಸ್ ಅಂದರೆ ಕರಗಿದ ಖನಿಜ ಅಳೆಯುವ ಮೀಟರಿನಲ್ಲಿ 0 ತೋರಿಸುವ ನೀರು. ನಗರದ ನೀರು ತುಂಬೆ ಅಣೆಕಟ್ಟಿನಿಂದ ಬರಲಿ, ಉಡುಪಿಯವರಿಗೆ ಬಜೆ ಅಣೆಕಟ್ಟಿನಿಂದ ಬರಲಿ, ಅದರಲ್ಲಿ ಕ್ಲೋರಿನ್ ಇರುತ್ತದೆ. ಹಾಗಾಗಿ ಕಾರ್ಬನ್ ಫಿಲ್ಟರ್ ಬೇಕೇ ಬೇಕು.

ಬಾವಿ ಇರುವವರಿಗೆ ಬೇರೆ ಕಥೆ. ಮುರಕಲ್ಲಿನ ನೆಲದ ಬಾವಿ ನೀರು ನೋಡಲು ಕನ್ನಡಿಯ ಹಾಗೆ ಸ್ವಚ್ಛ, ಟಿಡಿಎಸ್ ಕೂಡ ಕಡಿಮೆ. ಆದರೆ ಅದರಲ್ಲಿ ಎಷ್ಟೋ ಕಡೆ ಕಬ್ಬಿಣ ಇರುತ್ತದೆ, ಕರಗಿದ ಕಾರ್ಬನ್ ಡೈಆಕ್ಸೈಡ್ ಕೂಡ ಜಾಸ್ತಿ. ಈ ಅನಿಲವನ್ನು ಆರ್‌ಒ ಮೆಂಬ್ರೇನ್ ತಡೆಯುವುದಿಲ್ಲ, ನೇರ ಹೋಗಿ ರೆಸಿನ್ ಅನ್ನು ಬೇಗ ಖಾಲಿ ಮಾಡುತ್ತದೆ. "ನಮ್ಮ ನೀರು ಅಷ್ಟು ಒಳ್ಳೆಯದು, ಆದರೂ ರೆಸಿನ್ ಯಾಕೆ ಇಷ್ಟು ಬೇಗ ಮುಗಿಯುತ್ತದೆ" ಅಂತ ತಲೆ ಕೆರೆದುಕೊಳ್ಳುವವರು ಬಾವಿ ನೀರನ್ನು ಡ್ರಮ್ಮಿನಲ್ಲಿ ತುಂಬಿ, ಏರ್ ಪಂಪಿನಿಂದ ಒಂದು ದಿನ ಗುಳ್ಳೆ ಬಿಟ್ಟು, ಆಮೇಲೆ ಆರ್‌ಒಗೆ ಕೊಟ್ಟು ನೋಡಿ. ಮಷಿನ್ ಹೊರಗೆ ಬಿಡುವ ನೀರನ್ನು ಗಿಡಕ್ಕೆ, ಅಂಗಳಕ್ಕೆ ಹಾಕಿ. ಮೇ ತಿಂಗಳಲ್ಲಿ ತುಂಬೆಯಲ್ಲಿ ನೀರು ಇಳಿದು ನಗರದಲ್ಲಿ ದಿನ ಬಿಟ್ಟು ದಿನ ನೀರು ಕೊಟ್ಟದ್ದೂ ಉಂಟು, ಅದಕ್ಕೆ ಏಪ್ರಿಲ್ ಮುಗಿಯುವ ಮೊದಲೇ ಒಂದೆರಡು ಡ್ರಮ್ ಶುದ್ಧ ನೀರು ಮಾಡಿಟ್ಟುಕೊಳ್ಳಿ.

ಉಪ್ಪು ಅಂದರೆ ಅಡುಗೆಮನೆಯ ಕಲ್ಲುಪ್ಪು ಅಲ್ಲ. ಅದರಲ್ಲಿ ಬಹುಪಾಲು ಸೋಡಿಯಂ ಕ್ಲೋರೈಡ್ ಮಾತ್ರ. ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ರೀಫ್ ಸಾಲ್ಟ್ ತಗೊಳ್ಳಬೇಕು. ಲೀಟರಿಗೆ ಸುಮಾರು 37 ಗ್ರಾಂ, ಅಂದರೆ 20 ಲೀಟರಿನ ಬಕೆಟಿಗೆ ಮುಕ್ಕಾಲು ಕೆಜಿ. ನೀರಿಗೆ ಉಪ್ಪು ಹಾಕಿ, ಉಪ್ಪಿಗೆ ನೀರು ಹಾಕಬೇಡಿ. ಪಂಪ್ ಬಿಟ್ಟು ಚೆನ್ನಾಗಿ ಕದಡಿ, ಪೂರ್ತಿ ತಿಳಿಯಾದ ಮೇಲೆ ಅಳೆಯಿರಿ. ಗುರಿ 35 ಪಿಪಿಟಿ (ಸಾವಿರ ಪಾಲಿನಲ್ಲಿ 35 ಪಾಲು ಉಪ್ಪು), ಅಂದರೆ ಸಾಪೇಕ್ಷ ಸಾಂದ್ರತೆ 1.026ರ ಹತ್ತಿರ. ಅಳೆಯಲು ರಿಫ್ರಾಕ್ಟೋಮೀಟರ್ ತಗೊಂಡು ಅದನ್ನು 35 ಪಿಪಿಟಿಯ ದ್ರಾವಣದಲ್ಲೇ ಸರಿ ಮಾಡಿಕೊಳ್ಳಿ. ಬರೀ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಮೇಲಿನ ಅಂಕಿ ತಪ್ಪು ತೋರಿಸಬಹುದು.

ಮಳೆಗಾಲದಲ್ಲಿ ಉಪ್ಪಿನ ಚೀಲ ತೆರೆದಿಟ್ಟರೆ ತೇವ ಎಳೆದುಕೊಂಡು ಕಲ್ಲಾಗುತ್ತದೆ. ಹಾಗೆ ಗಟ್ಟಿಯಾದ ಉಪ್ಪು ಪೂರ್ತಿ ಕರಗುವುದಿಲ್ಲ, ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳದಲ್ಲಿ ಕೂರುತ್ತದೆ. ತಂದ ದಿನವೇ ಗಾಳಿಯಾಡದ ಡಬ್ಬಿಗೆ ಹಾಕಿ. ಹಪ್ಪಳ, ಸಂಡಿಗೆಗೆ ಮಾಡುವಷ್ಟು ಜಾಗ್ರತೆ ಇದಕ್ಕೂ ಬೇಕು.

ಇನ್ನೊಂದು ಮಾತು, ಹೊಸಬರು ಇಲ್ಲೇ ಎಡವುತ್ತಾರೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಹಾಗಾಗಿ ದಿನಾ ಕಡಿಮೆಯಾದಷ್ಟು ಬರೀ ಆರ್‌ಒ, ಡಿಐ ದಾಟಿದ ಶುದ್ಧ ನೀರನ್ನೇ ಸೇರಿಸಬೇಕು, ಉಪ್ಪುನೀರನ್ನಲ್ಲ. ಸಂಪಿನಲ್ಲಿ ಫ್ಲೋಟ್ ಸ್ವಿಚ್ ಇರುವ ಆಟೊ ಟಾಪ್‌ಅಪ್ ಹಾಕಿದರೆ ಈ ತಲೆನೋವು ಇಲ್ಲ.

ಸೆಕೆ

ನೀರು 25ರಿಂದ 27 ಡಿಗ್ರಿಯಲ್ಲಿ ಇರಬೇಕು. 29 ದಾಟಿದರೆ ಎಚ್ಚರ. 30ರ ಮೇಲೆ ಕೆಲವು ದಿನ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ನೀರು ಬಿಸಿಯಾದಷ್ಟು ಅದರಲ್ಲಿ ಕರಗುವ ಆಮ್ಲಜನಕವೂ ಕಡಿಮೆ, ಮೀನುಗಳು ಮೇಲೆ ಬಂದು ಬಾಯಿ ಬಿಡುವುದು ಅದಕ್ಕೇ.

ಮಾರ್ಚ್‌ನಿಂದ ಮೇವರೆಗೆ ಹಗಲು 33, 34 ಡಿಗ್ರಿ ನಮಗೆ ಮಾಮೂಲು. ಬೆಂಗಳೂರಿನವರು "ನಾಲ್ಕು ಸಣ್ಣ ಫ್ಯಾನ್ ಹಾಕಿ ಸಾಕು" ಅನ್ನುತ್ತಾರೆ. ಅವರಿಗೆ ಸಾಕು, ನಮಗೆ ಸಾಲದು. ಫ್ಯಾನ್ ತಂಪು ಮಾಡುವುದು ನೀರನ್ನು ಆವಿ ಮಾಡಿಸಿ. ಗಾಳಿಯಲ್ಲೇ ತೇವ ತುಂಬಿಕೊಂಡಿದ್ದರೆ ನೀರು ಆವಿಯಾಗುವುದು ಎಲ್ಲಿಂದ? ಒಗೆದ ಬೈರಾಸು ಒಣಗದ ದಿನ ಫ್ಯಾನಿನಿಂದ ಟ್ಯಾಂಕ್ ತಂಪಾಗುವುದಿಲ್ಲ ಅಂತ ನೆನಪಿಟ್ಟುಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಗಾಳಿ ಸ್ವಲ್ಪ ಒಣಗಿರುವಾಗ ಫ್ಯಾನ್ ಕೆಲಸ ಮಾಡುತ್ತದೆ, ಆಗ ಚಿಲ್ಲರ್‌ಗೆ ರಜೆ ಕೊಟ್ಟು ಕರೆಂಟ್ ಬಿಲ್ ಉಳಿಸಬಹುದು. ಬಾಕಿ ತಿಂಗಳು ಚಿಲ್ಲರ್ ಬೇಕು. ಮಳೆಗಾಲ ತಂಪಲ್ವಾ ಅಂತ ಅನಿಸಬಹುದು, ಆದರೆ ಜುಲೈನಲ್ಲೂ ಪಂಪು, ಲೈಟಿನ ಬಿಸಿ ಸೇರಿ ಟ್ಯಾಂಕ್ 28, 29ಕ್ಕೆ ಹೋಗುವುದುಂಟು.

ಚಿಲ್ಲರ್ ತಗೊಳ್ಳುವಾಗ ಅಂಗಡಿಯವರು ಹೇಳುವ ಲೀಟರ್ ಲೆಕ್ಕಕ್ಕಿಂತ ಒಂದು ಸೈಜ್ ದೊಡ್ಡದೇ ತಗೊಳ್ಳಿ. ಚಿಕ್ಕದು ಮಧ್ಯಾಹ್ನವಿಡೀ ನಿಲ್ಲದೆ ಓಡಿ ಬೇಗ ಹಾಳಾಗುತ್ತದೆ. ಅದು ನೀರಿನಿಂದ ತೆಗೆದ ಬಿಸಿಯನ್ನು ಹಿಂದುಗಡೆ ಕೋಣೆಗೆ ಊದುತ್ತದೆ. ಅದನ್ನು ಕ್ಯಾಬಿನೆಟ್ ಒಳಗೆ ಮುಚ್ಚಿಟ್ಟರೆ ಅದರ ಬಿಸಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಪೈಪ್ ಉದ್ದ ಮಾಡಿ ಕಿಟಕಿಯ ಹತ್ತಿರ, ಸಾಧ್ಯವಾದರೆ ಮಳೆ ಬೀಳದ ಹಿಂದಿನ ಹೊರಜಗಲಿಯಲ್ಲಿ ಇಡಿ. ಅದರ ಧೂಳಿನ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಿರಿ. ಲೈಟನ್ನೂ ಮಧ್ಯಾಹ್ನ ಉರಿಸಬೇಡಿ. ಸಂಜೆ 4ರಿಂದ ರಾತ್ರಿ 12ರವರೆಗೆ ಟೈಮರ್ ಹಾಕಿದರೆ ಲೈಟಿನ ಬಿಸಿ, ಹಗಲಿನ ಬಿಸಿ ಎರಡೂ ಒಟ್ಟಿಗೆ ಬೀಳುವುದಿಲ್ಲ, ನೀವು ಕೆಲಸ ಮುಗಿಸಿ ಬಂದು ನೋಡುವ ಹೊತ್ತಿಗೆ ಟ್ಯಾಂಕ್ ಬೆಳಗಿರುತ್ತದೆ.

ಚಿಲ್ಲರ್ ಕೆಟ್ಟರೆ? ಮುಚ್ಚಳ ಬಿಗಿಯಾಗಿರುವ ಬಾಟಲಿಯಲ್ಲಿ ನೀರು ತುಂಬಿ ಫ್ರೀಜರಿನಲ್ಲಿ ಐಸ್ ಮಾಡಿಡಿ, ಅದನ್ನು ಹಾಗೆಯೇ ಸಂಪಿನಲ್ಲಿ ತೇಲಿಬಿಡಿ. ಬರೀ ಐಸ್ ಹಾಕಿದರೆ ಉಪ್ಪು ಇಳಿಯುತ್ತದೆ. ಒಂದೇ ಸಲ ನಾಲ್ಕು ಬಾಟಲಿ ಹಾಕಿ ಗಾಬರಿ ಮಾಡಬೇಡಿ, ಗಂಟೆಗೆ ಒಂದು ಡಿಗ್ರಿ ಇಳಿದರೆ ಸಾಕು.

ಕರೆಂಟ್ ಹೋದಾಗ

ಗಾಳಿ ಮಳೆಗೆ ಮರ ಬಿದ್ದು ಲೈನ್ ಹೋದರೆ ಮೆಸ್ಕಾಂನವರು ಬಂದು ಸರಿ ಮಾಡುವ ತನಕ ಟ್ಯಾಂಕ್ ಉಸಿರಾಡಬೇಕು. ಆಗ ಮೊದಲು ತೊಂದರೆ ಕೊಡುವುದು ಬಿಸಿ ಅಲ್ಲ, ಆಮ್ಲಜನಕ. ನೀರು ಅಲುಗಾಡದೆ ನಿಂತರೆ ಕೆಲವೇ ಗಂಟೆಗಳಲ್ಲಿ ಮೀನು ಒದ್ದಾಡುತ್ತದೆ. ಆದ್ದರಿಂದ ಇನ್ವರ್ಟರ್‌ಗೆ ಚಿಲ್ಲರ್ ಹಾಕಬೇಡಿ, ಲೈಟ್ ಹಾಕಬೇಡಿ, ವೇವ್‌ಮೇಕರ್ ಒಂದನ್ನೇ ಹಾಕಿ, ಅದರ ಮುಖ ನೀರಿನ ಮೇಲ್ಮೈ ಕದಡುವ ಹಾಗೆ ತಿರುಗಿಸಿಡಿ. 20 ವಾಟಿನ ವೇವ್‌ಮೇಕರ್ ಮಾತ್ರ ಇದ್ದರೆ ಮನೆಯ 150 ಎಎಚ್ ಬ್ಯಾಟರಿ ಒಂದು ಇಡೀ ದಿನ ತಳ್ಳುತ್ತದೆ. ಟಿವಿ, ಫ್ಯಾನ್ ಎಲ್ಲ ಅದರಲ್ಲೇ ಓಡಿಸುವ ಮನೆಯಾದರೆ ಟ್ಯಾಂಕಿಗೆ ಬೇರೆ ಬ್ಯಾಟರಿ ಇಡಿ, ಇಲ್ಲದಿದ್ದರೆ ರಾತ್ರಿ ಜಗಳ ಗ್ಯಾರಂಟಿ. ಬ್ಯಾಟರಿಯಲ್ಲಿ ಓಡುವ ಸಣ್ಣ ಏರ್ ಪಂಪ್ ಒಂದು ಕೈಯಲ್ಲಿರಲಿ, ಬೆಲೆ ಹೆಚ್ಚೇನಿಲ್ಲ.

ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಸಂಜೆ ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿ. ಸಿಡಿಲು ಜೋರಿದ್ದರೆ ಲೈಟು, ಚಿಲ್ಲರ್ ಪ್ಲಗ್ ತೆಗೆದು ವೇವ್‌ಮೇಕರನ್ನು ಬ್ಯಾಟರಿಯಲ್ಲಿ ಓಡಿಸಿ.

ಕಲ್ಲು ಜೋಡಿಸಿ, ಕಾಯಿರಿ

ರೀಫ್‌ಗೆ ಅಂತಲೇ ಮಾರುವ, ಕಾರ್ಖಾನೆಯಲ್ಲಿ ಮಾಡಿದ ತೂತು ತೂತಾದ ಒಣ ಕಲ್ಲು 12ರಿಂದ 15 ಕೆಜಿ ಸಾಕು. ಮುರಕಲ್ಲು ಬೇಡ, ಅದರಲ್ಲಿ ಕಬ್ಬಿಣ ತುಂಬಿದೆ. ಹಂಚಿನ ಚೂರೂ ಬೇಡ. ಕಲ್ಲನ್ನು ನೇರ ಗಾಜಿನ ತಳಕ್ಕೆ ಕೂರಿಸಿ, ಆಮೇಲೆ ಸುತ್ತ ಅರಗೊನೈಟ್ (ಸುಣ್ಣದ ಅಂಶದ) ಹೊಯ್ಗೆ ಒಂದು ಒಂದೂವರೆ ಇಂಚು ಹರಡಿ. ಹೊಯ್ಗೆ ಮೇಲೆ ಕಲ್ಲಿಟ್ಟರೆ ಮೀನು, ಸೀಗಡಿ ಬುಡ ಅಗೆದು ಕಲ್ಲು ಉರುಳುತ್ತದೆ. ಗಾಜಿಗೂ ಕಲ್ಲಿಗೂ ಮಧ್ಯೆ ಕೈ ಹೋಗುವಷ್ಟು ಜಾಗ ಬಿಡಿ, ಪಾಚಿ ಉಜ್ಜಬೇಕಲ್ಲ.

ಇನ್ನು ಸೈಕಲ್, ಅಂದರೆ ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಟ್ಯಾಂಕಿನಲ್ಲಿ ಬೆಳೆಯಲು ಬಿಡುವುದು. ಮೀನಿನ ಕೊಳೆಯಿಂದ ಅಮೋನಿಯಾ ಬರುತ್ತದೆ, ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯ ಅಲ್ಲ, ನೀರು ಬದಲಾಯಿಸಿ ಇಳಿಸಬಹುದು. ಈ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾ 2 ಪಿಪಿಎಂಗೆ (ಹತ್ತು ಲಕ್ಷ ಪಾಲಿನಲ್ಲಿ 2 ಪಾಲು) ತನ್ನಿ, ಬಾಟಲಿಯ ಬ್ಯಾಕ್ಟೀರಿಯಾ ಸೇರಿಸಿ, ಎರಡು ಮೂರು ದಿನಕ್ಕೊಮ್ಮೆ ಟೆಸ್ಟ್ ಮಾಡಿ. ಹಾಕಿದ 2 ಪಿಪಿಎಂ ಅಮೋನಿಯಾ 24 ಗಂಟೆಯೊಳಗೆ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆ ತೋರಿಸಿದರೆ ಟ್ಯಾಂಕ್ ತಯಾರು. ಆ ತನಕ ಲೈಟ್ ಆಫ್ ಇರಲಿ. "ಒಂದು ಗಟ್ಟಿ ಮೀನು ಬಿಡಿ, ತಾನಾಗಿ ಸೈಕಲ್ ಆಗುತ್ತದೆ" ಅನ್ನುವ ಅಂಗಡಿಯವರ ಮಾತು ಕೇಳಬೇಡಿ, ಅದು ಮೀನಿಗೆ ಸುಮ್ನೆ ಹಿಂಸೆ.

ಸೈಕಲ್ ಮುಗಿದು ಲೈಟ್ ಹಾಕಿದ ಮೇಲೆ ಹೊಯ್ಗೆ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಹಸಿರು ಕೂದಲು ಪಾಚಿ. ಎಲ್ಲರ ಟ್ಯಾಂಕಿನಲ್ಲೂ ಬರುವುದೇ. ಬಸವನಹುಳು ಜಾತಿಯ ಟ್ರೋಕಸ್, ಟರ್ಬೊ ಟ್ಯಾಂಕಿಗೆ ಬಿಡಿ, ಪಾಚಿಯನ್ನು ಕೈಯಲ್ಲಿ ಕಿತ್ತು ತೆಗೆಯಿರಿ, ಊಟ ಕಡಿಮೆ ಹಾಕಿ. ಪಾಚಿ ಕೊಲ್ಲುವ ಔಷಧ ಸುರಿಯಬೇಡಿ. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಪೂರ್ತಿ ಸೊನ್ನೆಗೆ ಇಳಿಸುವ ಹಟವೂ ಬೇಡ. ಹಾಗೆ ಮಾಡಿದರೆ ಡೈನೊಫ್ಲಾಜೆಲೇಟ್ ಅನ್ನುವ ಲೋಳೆ ಬರಬಹುದು, ಅದು ಕೂದಲು ಪಾಚಿಗಿಂತ ಹಟಮಾರಿ.

ಮೀನು

ಈ ಟ್ಯಾಂಕಿಗೆ ಐದಾರು ಸಣ್ಣ ಮೀನು, ಅಷ್ಟೇ. ಒಂದು ಜೋಡಿ ಕ್ಲೌನ್‌ಫಿಶ್, ಒಂದು ಫೈರ್‌ಫಿಶ್, ಒಂದು ವಾಚ್‌ಮನ್ ಗೋಬಿ ಮತ್ತು ಅದರ ಜೊತೆ ಬಿಲ ಹಂಚಿಕೊಳ್ಳುವ ಪಿಸ್ಟಲ್ ಸೀಗಡಿ ಇದ್ದರೆ ನೋಡಿದಷ್ಟು ಮುಗಿಯುವುದಿಲ್ಲ. ಕ್ಲೌನ್‌ಫಿಶ್ ಮರಿಗಳೆಲ್ಲ ಬೆಳೆಯುವಾಗ ಮೊದಲು ಗಂಡೇ ಆಗುವುದು, ಜೋಡಿಯಲ್ಲಿ ದೊಡ್ಡದಾದದ್ದು ಹೆಣ್ಣಾಗುತ್ತದೆ. ಹಾಗಾಗಿ ಎರಡು ಸಣ್ಣ ಮರಿ ಒಟ್ಟಿಗೆ ತಂದರೆ ಜೋಡಿ ತಾನಾಗಿ ಆಗುತ್ತದೆ. ಅವಕ್ಕೆ ಅನಿಮೋನ್ ಬೇಕೇ ಬೇಕು ಅಂತಿಲ್ಲ. ಸಮುದ್ರದಿಂದ ಹಿಡಿದದ್ದಕ್ಕಿಂತ ಹ್ಯಾಚರಿಯಲ್ಲಿ ಹುಟ್ಟಿದ್ದನ್ನೇ ಕೇಳಿ ತಗೊಳ್ಳಿ. ಕ್ಲೌನ್‌ಫಿಶ್ ಮರಿ ಮಾಡಿಸುವ ತಂತ್ರವನ್ನು ನಮ್ಮ ದೇಶದಲ್ಲೇ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ಅಭಿವೃದ್ಧಿ ಮಾಡಿದ್ದಾರೆ, ಈಗ ಅಂಥ ಮರಿ ಸಿಗುವುದು ಕಷ್ಟವಲ್ಲ.

ನೀಲಿ ಡ್ಯಾಮ್ಸೆಲ್ ಅಗ್ಗ ಅಂತ ತರಬೇಡಿ, ದೊಡ್ಡದಾದ ಮೇಲೆ ಉಳಿದವರನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತದೆ. ಡೋರಿ ಅಂತ ಮಕ್ಕಳು ಕೇಳುವ ಬ್ಲೂ ಟ್ಯಾಂಗ್ ಒಂದಡಿ ಬೆಳೆಯುವ ಮೀನು, 3 ಅಡಿ ಟ್ಯಾಂಕಿನಲ್ಲಿ ಅದಕ್ಕೆ ಜಾಗ ಇಲ್ಲ. ಮ್ಯಾಂಡರಿನ್ ತುಂಬ ಚೆಂದ, ಆದರೆ ಅದು ತಿನ್ನುವುದು ಕಲ್ಲಿನಲ್ಲಿರುವ ಜೀವಂತ ಸಣ್ಣ ಹುಳ. ಹೊಸ ಟ್ಯಾಂಕಿನಲ್ಲಿ ಹಸಿದು ಸಾಯುತ್ತದೆ. ಫೈರ್‌ಫಿಶ್ ಹಾರುವ ಮೀನು, ಮೇಲೆ ಬಲೆಯ ಮುಚ್ಚಳ ಬೇಕು. ಹಲ್ಲಿ ಬೀಳುವುದೂ ಅದರಿಂದ ತಪ್ಪುತ್ತದೆ.

ಚೆನ್ನೈಯ ಕೊಳತ್ತೂರಿನಿಂದಲೋ ಮುಂಬೈಯಿಂದಲೋ ಬಸ್ಸಿನಲ್ಲಿ, ರೈಲಿನಲ್ಲಿ ಬಂದ ಮೀನಿನ ಚೀಲಕ್ಕೆ ಗಂಟೆಗಟ್ಟಲೆ ಹನಿ ಹನಿ ನೀರು ಬಿಡುವ ಅಭ್ಯಾಸ ಹಲವರಿಗಿದೆ. ದೂರದಿಂದ ಬಂದ ಚೀಲಕ್ಕೆ ಅದು ಒಳ್ಳೆಯದಲ್ಲ. ಮುಚ್ಚಿದ ಚೀಲದಲ್ಲಿ ಅಮೋನಿಯಾ ಸೇರಿರುತ್ತದೆ, ಆದರೆ ಪಿಎಚ್ ಇಳಿದಿರುವುದರಿಂದ ಅದರ ವಿಷ ಕಡಿಮೆ ಇರುತ್ತದೆ. ಚೀಲ ಬಿಚ್ಚಿದ ಕೂಡಲೇ ಪಿಎಚ್ ಏರಿ ಅದೇ ಅಮೋನಿಯಾ ಕೊಲ್ಲಲು ಶುರು ಮಾಡುತ್ತದೆ. ಚೀಲವನ್ನು ಬಿಚ್ಚದೆ 20 ನಿಮಿಷ ತೇಲಿಸಿ ಬಿಸಿ ಸಮ ಮಾಡಿ. ಹೊಸ ಮೀನನ್ನು ಮೊದಲು ಬೇರೆಯಾಗಿ ಇಡುವ ಕ್ವಾರಂಟೈನ್ ಟಬ್ಬಿನ ಉಪ್ಪನ್ನು ಮೊದಲೇ ಮಾರುವವರ ನೀರಿನ ಉಪ್ಪಿಗೆ ಹೊಂದಿಸಿಡಿ, ಆಮೇಲೆ ಬಿಚ್ಚಿ ಮೀನನ್ನು ಮಾತ್ರ ದಾಟಿಸಿ. ಚೀಲದ ನೀರು ಚರಂಡಿಗೆ.

ಕ್ವಾರಂಟೈನ್ ಯಾಕೆ ಅಂತ ಕೇಳಬೇಡಿ, ಮಾಡಿ. 60 ಲೀಟರಿನ ಟಬ್, ಒಂದು ಸ್ಪಂಜ್ ಫಿಲ್ಟರ್, ಅಡಗಲು ಎರಡು ಪಿವಿಸಿ ಪೈಪಿನ ತುಂಡು, ಕನಿಷ್ಠ 4 ವಾರ. ಬಿಳಿ ಚುಕ್ಕೆ ರೋಗ ಒಮ್ಮೆ ದೊಡ್ಡ ಟ್ಯಾಂಕಿಗೆ ಹೋದರೆ ಅಲ್ಲಿ ತಾಮ್ರದ ಔಷಧ ಹಾಕುವಂತಿಲ್ಲ. ತಾಮ್ರ ಸೀಗಡಿ, ಹವಳ, ಹುಳು ಎಲ್ಲವನ್ನೂ ಕೊಲ್ಲುತ್ತದೆ. ಔಷಧ ಏನಿದ್ದರೂ ಟಬ್ಬಿನಲ್ಲೇ ಮುಗಿಯಬೇಕು.

ಹವಳ, ಊಟ, ಸೊಳ್ಳೆ ಬತ್ತಿ

ಹವಳ ಮೂರು ತಿಂಗಳಾದ ಮೇಲೆ. ಮೊದಲು ಮಶ್ರೂಮ್, ಆಮೇಲೆ ಜೋಆಂತಿಡ್. ಮಶ್ರೂಮ್ ಕೆಳಗೆ, ಮಂದ ಬೆಳಕಿನಲ್ಲಿ, ಅಲೆ ಕಡಿಮೆ ಇರುವ ಕಡೆ. ಲೆದರ್ ಮೇಲೆ. ಕ್ಸೀನಿಯಾ ಬೇಗ ಹಬ್ಬುತ್ತದೆ, ಅದಕ್ಕೆ ಒಂಟಿ ಕಲ್ಲು ಕೊಡಿ. ಹೊಸ ಲೈಟನ್ನು ಮೊದಲ ದಿನವೇ ಪೂರ್ತಿ ಉರಿಸದೆ ಅರ್ಧಕ್ಕಿಂತ ಕಡಿಮೆಯಲ್ಲಿ ಶುರು ಮಾಡಿ, ವಾರ ವಾರ ಏರಿಸಿ. ಟೆಸ್ಟ್ ಕಿಟ್‌ನಲ್ಲಿ ಅಲ್ಕಲಿನಿಟಿ (ನೀರಿನ ಕ್ಷಾರದ ಅಳತೆ) 8ರಿಂದ 9 ಡಿಕೆಎಚ್, ಕ್ಯಾಲ್ಸಿಯಂ 420 ಪಿಪಿಎಂ ಆಸುಪಾಸು, ಮೆಗ್ನೀಸಿಯಂ 1300 ಪಿಪಿಎಂ ಹತ್ತಿರ ಇದ್ದರೆ ಸರಿ. ಮೆತ್ತಗಿನ ಹವಳ ಇವನ್ನು ಜಾಸ್ತಿ ಬಳಸುವುದಿಲ್ಲ, ವಾರಕ್ಕೊಮ್ಮೆ ಶೇ 10 ನೀರು ಬದಲಾಯಿಸಿದರೆ ಸಾಮಾನ್ಯವಾಗಿ ಡೋಸಿಂಗ್ ಬೇಕಾಗುವುದಿಲ್ಲ.

ಇದನ್ನು ಮಾತ್ರ ಎರಡು ಸಲ ಓದಿ: ಜೋಆಂತಿಡ್ ಜಾತಿಯ ಕೆಲವು ಹವಳಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ತೀವ್ರ ವಿಷ ಇರುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ, ಕೈಯಲ್ಲಿ ಗಾಯ ಇದ್ದರೆ ಮುಟ್ಟಲೇಬೇಡಿ. ಆ ಕಲ್ಲನ್ನು ಯಾವ ಕಾರಣಕ್ಕೂ ಕುದಿಯುವ ನೀರಿನಲ್ಲಿ ಹಾಕಬೇಡಿ, ಬಿಸಿನೀರು ಸುರಿದು ಉಜ್ಜಬೇಡಿ. ಹಬೆಯಲ್ಲಿ ವಿಷ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಘಟನೆಗಳು ಬೇರೆ ದೇಶಗಳಲ್ಲಿ ನಡೆದಿವೆ.

ಊಟದ ವಿಷಯದಲ್ಲಿ ನಾವು ಅದೃಷ್ಟವಂತರು. ಮಾರ್ಕೆಟಿನಿಂದ ತಾಜಾ ಸೀಗಡಿ, ಬೊಂಡಾಸು, ಮರುವಾಯಿ ತಂದು, ಮಸಾಲೆ ಮುಟ್ಟಿದ ಕೈ, ಕತ್ತಿ ಎರಡನ್ನೂ ಚೆನ್ನಾಗಿ ತೊಳೆದು, ಆರ್‌ಒ ನೀರಿನಲ್ಲಿ ಜಾಲಿಸಿ, ಸಾಸಿವೆಯಷ್ಟು ಸಣ್ಣಗೆ ಕೊಚ್ಚಿ ಫ್ರೀಜ್ ಮಾಡಿ. ಬಂಗುಡೆ, ಬೂತಾಯಿ ಬೇಡ, ಎಣ್ಣೆ ಜಾಸ್ತಿ, ನೀರಿನ ಮೇಲೆ ಪದರ ಕಟ್ಟುತ್ತದೆ. ದಿನಕ್ಕೆ ಒಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಅದರ ಜೊತೆ ಒಳ್ಳೆಯ ಪೆಲೆಟ್ ಕೂಡ ಇರಲಿ, ಬರೀ ಸೀಗಡಿಯಲ್ಲಿ ಎಲ್ಲ ಪೋಷಕಾಂಶ ಸಿಗುವುದಿಲ್ಲ.

ಸೊಳ್ಳೆ ಇಲ್ಲದ ಮನೆ ಮಂಗಳೂರಿನಲ್ಲಿ ಇಲ್ಲ, ಆದರೆ ಬತ್ತಿ, ಲಿಕ್ವಿಡ್, ಸ್ಪ್ರೇ ಇವುಗಳಲ್ಲಿ ಹೆಚ್ಚಾಗಿ ಇರುವುದು ಪೈರೆಥ್ರಾಯ್ಡ್ ಜಾತಿಯ ವಿಷ. ಮೀನಿಗೂ ಸೀಗಡಿಗೂ ಅದು ತೀರಾ ಕೆಟ್ಟದ್ದು. ಸ್ಕಿಮ್ಮರ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುವುದರಿಂದ ಟ್ಯಾಂಕ್ ಇರುವ ಕೋಣೆಯಲ್ಲಿ ಇವು ಯಾವುದೂ ಬೇಡ. ಕಿಟಕಿಗೆ ಬಲೆ ಹಾಕಿಸಿ. ನೆಲ ಒರೆಸುವ ಫಿನಾಯಿಲ್ ಕೈಯನ್ನು ಹಾಗೆಯೇ ಟ್ಯಾಂಕಿಗೆ ಹಾಕಬಾರದು. ಮನೆಯಲ್ಲಿ ಅಮ್ಮ, ಅಜ್ಜಿ ಇದ್ದರೆ ಇದನ್ನು ಮೊದಲೇ ಹೇಳಿಡಿ. ದೇವರ ಕೋಣೆ ಪಕ್ಕದಲ್ಲೇ ಇದ್ದರೆ ಊದುಬತ್ತಿ ಹಚ್ಚುವ ಹೊತ್ತಿಗೆ ಬಾಗಿಲು ಎಳೆದುಕೊಂಡರೆ ಆಯ್ತು, ಅದಕ್ಕೆ ಯಾರೂ ಬೇಸರ ಮಾಡುವುದಿಲ್ಲ.

ಮೇ ಕೊನೆಯ ವಾರದಲ್ಲಿ ಒಂದು ಸುತ್ತು ಕೆಲಸ ಇರಲಿ. ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿ, ಮೇನ್ ಸ್ವಿಚ್ ಆಫ್ ಮಾಡಿ ವೇವ್‌ಮೇಕರ್ ತಾನಾಗಿ ಓಡುತ್ತದಾ ನೋಡಿ. ಉಪ್ಪಿನ ಡಬ್ಬಿ ಗಟ್ಟಿಯಾಗಿ ಮುಚ್ಚಿದೆಯಾ ನೋಡಿ. ಪಂಪುಗಳನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಓಡಿಸಿ ಸುಣ್ಣದ ಪದರ ತೆಗೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಸೀಗಡಿ ಸಿಕ್ಕಿದರೂ ಬೆಲೆ ಕೇಳುವ ಹಾಗಿರುವುದಿಲ್ಲ. ಎರಡು ತಿಂಗಳಿಗೆ ಬೇಕಾದಷ್ಟನ್ನು ಮೇ ಮುಗಿಯುವ ಮೊದಲೇ ಕೊಚ್ಚಿ, ತೆಳ್ಳಗೆ ಹರಡಿ ಫ್ರೀಜ್ ಮಾಡಿಡಿ. ಕರೆಂಟ್ ಹೋಗಿ ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿ ಹಾಕಬೇಡಿ, ಬೆಕ್ಕಿಗೆ ಕೊಡಿ.